ಸೂಟಿಯ ದಾರಿ: ನಿಪ್ಪಾಣಿಯಿಂದ ಅಥಣಿಗೆ

ಬೆಳಗಿನ ಆರೂವರೆಗೆ ತವಂದಿ ಘಾಟಿನ ಮೇಲೆ ಗಾಳಿ ಇನ್ನೂ ತಂಪಾಗಿದೆ. ಕೆಳಗೆ ಹೆದ್ದಾರಿಯಲ್ಲಿ ಪುಣೆಯ ಲಾರಿಗಳು ಗೇರ್ ಬದಲಿಸುತ್ತ ಏರು ಹತ್ತುತ್ತಿವೆ. ಸ್ತವನಿಧಿಯ ಪಾರ್ಶ್ವನಾಥ ಬಸದಿಯ ದರ್ಶನ ಮುಗಿಸಿದ ಒಂದು ಕುಟುಂಬ ಮರದ ಬುಡದಲ್ಲಿ ಬುತ್ತಿ ಬಿಚ್ಚಿದೆ: ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಬಾಟಲಿಯಲ್ಲಿ ಮಜ್ಜಿಗೆ. ಸಣ್ಣ ಹುಡುಗನೊಬ್ಬ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿದ್ದಾನೆ. ‘ಎಂಟೂವರಿಗೆ ಇಳೀತೀವ್ರಿ, ಆಮ್ಯಾಲ ಬಿಸಲ ಬರ್ತೈತಿ’ ಎಂದರು ಅವನ ಅಜ್ಜ. ನಿಪ್ಪಾಣಿಯಿಂದ ಇಲ್ಲಿಗೆ ಬಂದು ಹೋಗಲು ಅವರಿಗೆ ತಗಲಿದ್ದು ಬಸ್ ಚಾರ್ಜು ಮಾತ್ರ. ಅದರಲ್ಲೂ ಮನೆಯ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ.

ಏಪ್ರಿಲ್ ಎರಡನೇ ವಾರ ಸಾಲಿ ಸೂಟಿ ಬಿಟ್ಟರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ಕಬ್ಬು, ತಂಬಾಕು, ದ್ರಾಕ್ಷಿ ಬೆಳೆದು ಬದುಕುವ ನಮ್ಮ ಗಡಿಭಾಗದ ಮನೆಗಳಲ್ಲಿ ಆ ಆರೇಳು ವಾರ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂಬುದು ದೊಡ್ಡ ಚಿಂತೆ. ನೀರಿನ ಪಾರ್ಕು, ಮಾಲು ಎಂದರೆ ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಬೇಕು. ಗಾಡಿ ಬಾಡಿಗೆ, ಪ್ರವೇಶ, ಹೋಟೆಲ್ ಊಟ ಸೇರಿದರೆ ಕೂಲಿ ಮನೆಯ ವಾರದ ದುಡಿಮೆ ಒಂದೇ ದಿನಕ್ಕೆ ಕರಗುತ್ತದೆ. ಕಡಿಮೆ ಖರ್ಚಿನಲ್ಲಿ ಮಕ್ಕಳು ನಕ್ಕು ನಲಿದು ಬರುವಂಥ ತಾಣಗಳು ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಈ ಐದು ತಾಲ್ಲೂಕುಗಳಲ್ಲೇ ಇವೆ. ಹೊತ್ತು ನೋಡಿಕೊಂಡು ಹೊರಡಬೇಕು, ಅಷ್ಟೇ.

ನಿಪ್ಪಾಣಿ ಸಹ್ಯಾದ್ರಿಗೆ ಹತ್ತಿರ. ಸಂಜೆಗೆ ಪಡುವಣ ಗಾಳಿ ಸಿಗುತ್ತದೆ. ಮೂಡಲಿಗೆ ಹೋದಷ್ಟೂ ಬಿಸಿಲು ಬಲಿಯುತ್ತದೆ. ಮಳೆನೆರಳಿನ ಅಥಣಿಯ ಎರೆಭೂಮಿಯಲ್ಲಿ ಮೇ ತಿಂಗಳ ಉಷ್ಣತೆ 40 ಡಿಗ್ರಿಯ ಆಸುಪಾಸು ಬರುತ್ತದೆ, ರಾತ್ರಿ ಊಟದ ಹೊತ್ತಿಗೂ ಮನೆಯ ಗೋಡೆ ಕಾವು ಬಿಟ್ಟಿರುವುದಿಲ್ಲ. ಹತ್ತು ಗಂಟೆಯೊಳಗೆ ಒಂದು ಸುತ್ತು, ಐದರ ಮೇಲೆ ಇನ್ನೊಂದು; ನಡುವೆ ಮಕ್ಕಳು ನೆರಳಿನಲ್ಲಿರಬೇಕು. ಚೀಲದಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಇಟ್ಟುಕೊಳ್ಳಿ. ಬಣ್ಣದ ತಂಪುಪಾನೀಯಕ್ಕಿಂತ ಇದು ಮಗುವಿಗೆ ಹೆಚ್ಚು ಬಲ.

ಚಿಕ್ಕೋಡಿಯಿಂದ ಸದಲಗಾ ಕಡೆ ಹೊರಟರೆ ಎರಡೂ ಬದಿ ಕಬ್ಬು. ದೂಧಗಂಗೆಯ ಸೀಮೆ ಇದು. ಏತ ನೀರಾವರಿ ಇರುವಲ್ಲಿ ತೋಟದ ಬಾವಿಗಳಿಗೆ ಮೇ ತಿಂಗಳಲ್ಲೂ ನೀರಿರುತ್ತದೆ. ಅಂಥ ಒಂದು ಬಾವಿಯ ಕಟ್ಟೆಯ ಮೇಲೆ ನಾನು ಬೆಳಗಿನ ಹೊತ್ತು ಪೂರ್ತಿ ಕೂತಿದ್ದೆ. ಕಲ್ಲಿನ ಪಾವಟಿಗೆಗಳು ನೀರಿನ ತನಕ ಇಳಿದಿವೆ. ಎಂಟು ವರ್ಷದ ಹುಡುಗನ ಬೆನ್ನಿಗೆ ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನುಗಳನ್ನು ಕಟ್ಟಿದ್ದಾರೆ, ಮುಚ್ಚಳ ಬಿಗಿದು. ನಡುವಿಗೆ ಹಗ್ಗ, ಅದರ ಇನ್ನೊಂದು ತುದಿ ಕಾಕಾನ ಕೈಯಲ್ಲಿ. ಹಿಂದೆ ಈ ಕೆಲಸವನ್ನು ಒಣ ಸೋರೆಬುರುಡೆ, ಹಾಲವಾಣದ ಬೆಂಡು ಮಾಡುತ್ತಿದ್ದವು. ಹುಡುಗ ಕೊನೆಯ ಪಾವಟಿಗೆಯನ್ನು ಬಿಡಲೊಲ್ಲ.

‘ಹಗ್ಗಾ ಬಿಡಬ್ಯಾಡ್ರಿ ಕಾಕಾ!’

‘ಬಿಡೂದಿಲ್ಲೋ ತಮ್ಮಾ. ಕಾಲ ಬಡಿ ಮದಲ, ಕೈ ತಾನ ಬರ್ತೈತಿ.’

ಕಾಲು ಬಡಿದ. ನೀರು ಕುಡಿದ, ಕೆಮ್ಮಿದ, ಮತ್ತೆ ಬಡಿದ. ಬಿಸಿಲು ಬಾವಿಯ ಅರ್ಧ ಗೋಡೆ ಇಳಿಯುವಷ್ಟರಲ್ಲಿ ಅವನು ಈ ದಂಡೆಯಿಂದ ಆ ದಂಡೆ ಮುಟ್ಟಿದ್ದ. ಮರುದಿನ ಒಂದು ಕ್ಯಾನು ಬಿಚ್ಚುತ್ತಾರಂತೆ, ವಾರದಲ್ಲಿ ಇನ್ನೊಂದು. ಇದೇ ಈಸು ಕಲಿಸುವ ಕ್ರಮ. ಕಟ್ಟೆಯ ಮೇಲೆ ನಿಂತಿದ್ದ ಅವನ ಅಕ್ಕ ‘ನಾನೂ ಇಳೀತೀನ್ರಿ’ ಎಂದಾಗ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವಳ ಅತ್ತೆ, ‘ಇಳೀಲಿ ಬಿಡ್ರಿ, ಹೊಳಿ ದಂಡಿ ಊರಿಗೆ ನಾಳೆ ಕೊಟ್ರ ಏನ್ ಮಾಡ್ತೀರಿ?’ ಎಂದರು. ಇಳಿಸಿದರು. ಆ ಅತ್ತೆಯ ಮಾತು ಪ್ರತಿ ಮನೆಯಲ್ಲೂ ಕೇಳಿಸಬೇಕು. ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ನಾಡಿನಲ್ಲಿ ಈಸು ಬಾರದ ಹೆಣ್ಣುಮಕ್ಕಳು ಇಷ್ಟೊಂದು ಮಂದಿ ಇರುವುದು ನನಗೆ ಸಂಕಟದ ಸಂಗತಿ.

ಬಾವಿ ಎಂದೆ, ಹೊಳೆ ಎನ್ನಲಿಲ್ಲ. ಬೇಸಿಗೆಯ ಕೃಷ್ಣೆ ನೋಡಲು ಸಾಧು. ಹರಿವು ನಿಂತು ಅಲ್ಲಲ್ಲಿ ಮಡುವು ಉಳಿದಿರುತ್ತದೆ. ಕೊಯ್ನಾ, ವಾರಣಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳುವ ಕಾಲ ಅದು. ಆದರೆ ಮರಳು ತೆಗೆದ ಗುಂಡಿಗಳು ಆ ಮಡುವಿನಡಿ ಕಾಣುವುದಿಲ್ಲ. ಮೊಸಳೆಗಳೂ ಇವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅವು ದಂಡೆಯ ಮರಳಿನಲ್ಲಿ ಮೊಟ್ಟೆಯಿಡುತ್ತವೆ, ಸುಮಾರು ಎರಡು ತಿಂಗಳಿಗೆ ಮರಿಯಾಗುತ್ತವೆ. ಅಂದರೆ ಮಕ್ಕಳ ಸೂಟಿಯೂ ತಾಯಿ ಮೊಸಳೆ ಗೂಡು ಕಾಯುವ ದಿನಗಳೂ ಒಂದೇ. ಹೊಳೆಯನ್ನು ದಂಡೆಯ ಮೇಲೆ ನಿಂತು ತೋರಿಸಿ. 2005ರಲ್ಲಿ, 2019ರಲ್ಲಿ ಮಹಾಪೂರ ಎಲ್ಲಿಯವರೆಗೆ ಏರಿತ್ತೆಂದು ಊರ ಹಿರಿಯರನ್ನು ಕೇಳಿದರೆ ಗೋಡೆ ಮುಟ್ಟಿ ತೋರಿಸುತ್ತಾರೆ. ಕತ್ತೆತ್ತಿ ಆ ಎತ್ತರ ನೋಡಿದ ಮಗುವಿಗೆ ಈ ಒಣ ಹೊಳೆಯ ಬಲ ಗೊತ್ತಾಗುತ್ತದೆ. ತೋಟದ ಬಾವಿಯಿಲ್ಲದ ಪಟ್ಟಣದ ಮಕ್ಕಳಿಗೆ ತಾಲ್ಲೂಕಿಗೊಂದಾದರೂ ಕಾವಲಿರುವ, ಕಡಿಮೆ ಶುಲ್ಕದ ಈಜುಕೊಳ ಬೇಕು. ಪುರಸಭೆಗಳು ತಮ್ಮ ಬಜೆಟ್ಟಿನಲ್ಲಿ ಇದನ್ನು ಮೊದಲಿಗೆ ಬರೆಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಸುಡು ಮಧ್ಯಾಹ್ನಕ್ಕೆ ಮನೆಯೇ ಗತಿ, ಆದರೆ ಮನೆಯಲ್ಲೂ ಬೇಸಿಗೆಯ ಕೆಲಸ ಸಾಕಷ್ಟಿದೆ. ಮೂರು ದಿನ ನೆನೆಸಿದ ಗೋಧಿಯನ್ನು ರುಬ್ಬಿ, ಹಾಲು ಹಿಂಡಿ, ರಾತ್ರಿ ತಳಕ್ಕಿಳಿಸಿ, ಮೇಲಿನ ನೀರು ಬಸಿದು, ನಸುಕಿನಲ್ಲಿ ಕುದಿಸಿ ತಿರುವಿದರೆ ಕುರುಡಿಗೆಯ ಹಿಟ್ಟು ಸಿದ್ಧ. ಎಂಟರೊಳಗೆ ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಒತ್ತಿ ಮುಗಿಸಬೇಕು. ಅಚ್ಚು ತಿರುಗಿಸುವುದು ಹುಡುಗರ ಪಾಲು, ಕಾಗೆ ಕಾಯುವುದು ಸಣ್ಣವರ ಪಾಲು, ಬಿಸಿ ಹಿಟ್ಟಿಗೆ ಎಣ್ಣೆ ಹಾಕಿಕೊಂಡು ತಿನ್ನುವುದು ಎಲ್ಲರ ಪಾಲು. ಆಮೇಲೆ ಪಡಸಾಲೆಯ ಕಲ್ಲಿನ ಮೇಲೆ ಸುಣ್ಣದಿಂದ ಮನೆ ಬರೆದು ಕವಡೆ ಉರುಳಿಸಿ ಚೌಕಾಬಾರ. ಓಣಿಯಲ್ಲಿ ಗಾರಿಗಾರದವನ ಗಂಟೆ ಕೇಳಿದರೆ ಆಟ ಅಷ್ಟಕ್ಕೇ ನಿಲ್ಲುತ್ತದೆ.

ಹಳ್ಳಿಯಲ್ಲಿ ಇನ್ನೊಂದು ನೆರಳಿದೆ: ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಬೇಸಿಗೆ ಶಿಬಿರಗಳೂ ಇಲ್ಲಿ ನಡೆಯುತ್ತವೆ. ನಾನು ಹೋದ ಒಂದು ಕೇಂದ್ರದಲ್ಲಿ ಫ್ಯಾನಿನಡಿ ಹುಡುಗಿಯರು ಚೆಸ್ ಆಡುತ್ತಿದ್ದರು, ಒಬ್ಬಳು ಗೋಡೆಗೆ ಒರಗಿ ಚಿತ್ರಕಥೆ ಓದುತ್ತಿದ್ದಳು. ಇನ್ನೊಂದು ಊರಿನಲ್ಲಿ ಮಧ್ಯಾಹ್ನ ಬೀಗ ಇತ್ತು. ಮಕ್ಕಳಿಗೆ ನೆರಳು ಬೇಕಿರುವುದೇ ಹನ್ನೆರಡರಿಂದ ನಾಲ್ಕರವರೆಗೆ. ಸೂಟಿಯ ತಿಂಗಳುಗಳಲ್ಲಾದರೂ ಆ ಹೊತ್ತು ಬಾಗಿಲು ತೆರೆದಿರಲಿ.

ಮೇ 6, 7ರ ಸುಮಾರಿಗೆ ಮಾತ್ರ ನಟ್ಟನಡು ಮಧ್ಯಾಹ್ನ ಅಂಗಳಕ್ಕೆ ಇಳಿಯುವ ಕಾರಣವಿದೆ. ಆ ದಿನಗಳಲ್ಲಿ ಸೂರ್ಯ ನಮ್ಮ ಸೀಮೆಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂವರೆಯ ಹೊತ್ತಿಗೆ ಒಂದು ಚೊಂಬನ್ನು ಅಂಗಳದಲ್ಲಿ ಬೋರಲು ಹಾಕಿ, ಪಕ್ಕದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಕೋಲಿನ ನೆರಳು ಗಿಡ್ಡವಾಗುತ್ತ ಹೋಗಿ ಬುಡದಲ್ಲಿ ಮಾಯವಾಗುತ್ತದೆ. ಐದು ನಿಮಿಷ ನೋಡಿ ಒಳಗೆ ಓಡಿಬಂದರೆ ಸಾಕು; ವರ್ಷಕ್ಕೆ ಎರಡೇ ಸಲ ಸಿಗುವ ನೋಟವಿದು, ಎರಡನೆಯದಕ್ಕೆ ಮಳೆಗಾಲದ ಮೋಡ ಅಡ್ಡ ಬರುತ್ತದೆ.

ರಾಯಬಾಗದಲ್ಲಿ ಮಕ್ಕಳಿಗೆ ನನ್ನ ಆಯ್ಕೆ ರೈಲು. ಮೀರಜ ಕಡೆಯ ಪ್ಯಾಸೆಂಜರ್ ಗಾಡಿಗೆ ಕನಿಷ್ಠ ದರ 10 ರೂಪಾಯಿ, ಐದು ವರ್ಷ ತುಂಬದವರಿಗೆ ಟಿಕೆಟ್ ಬೇಡ. ರಾಯಬಾಗ ಬಿಟ್ಟರೆ ಚಿಂಚಲಿ, ಮಾಯಕ್ಕನ ಊರು, ಆಮೇಲೆ ಕುಡಚಿ. ಕುಡಚಿ ದಾಟಿ ಕೃಷ್ಣೆಯ ಸೇತುವೆ ಬಂದಾಗ ಡಬ್ಬಿಯ ಮಕ್ಕಳೆಲ್ಲ ಒಂದೇ ಬದಿಯ ಕಿಟಕಿಗೆ ಮುಗಿಬಿದ್ದರು. ಮುದುಕಿಯೊಬ್ಬರು ಸೆರಗಿನ ಗಂಟು ಬಿಚ್ಚಿ ನಾಣ್ಯ ತೆಗೆದು ಮೊಮ್ಮಗಳ ಕೈಗಿತ್ತು, ‘ಕೃಷ್ಣಾಬಾಯಿಗೆ ಹಾಕವ್ವಾ’ ಎಂದರು. ಮುಂದಿನ ನಿಲ್ದಾಣ ಉಗಾರ ಖುರ್ದ, ಸಕ್ಕರೆ ಕಾರ್ಖಾನೆಯ ಊರು. ಅದರ ಮುಂದಿನದು ಶೇಡಬಾಳ. ಇಡೀ ಪಯಣ ಮಕ್ಕಳು ಬೇಸರಪಡುವಷ್ಟು ಉದ್ದವಿಲ್ಲ. ಮರಳುವ ಗಾಡಿಯ ಸಮಯವನ್ನು ಮೊದಲೇ ಕೇಳಿಟ್ಟುಕೊಂಡು ಹತ್ತಬೇಕು. ಚಿಕ್ಕೋಡಿಯವರು ಬಸ್ಸಿನಲ್ಲಿ ರಾಯಬಾಗಕ್ಕೇ ಬರುವುದು ಒಳ್ಳೆಯದು. ಚಿಕ್ಕೋಡಿ ರೋಡ್ ನಿಲ್ದಾಣ ಹೆಸರಿಗಷ್ಟೇ ಚಿಕ್ಕೋಡಿಯದು.

ಕಥೆ ಕೇಳುವ ವಯಸ್ಸಿನ ಮಕ್ಕಳಿದ್ದರೆ ಎರಡು ಊರುಗಳನ್ನು ಜೋಡಿಸಿ ನೋಡಿ. ಮೊದಲು ಚಿಕ್ಕೋಡಿ ತಾಲ್ಲೂಕಿನ ಯಡೂರ. ಕೃಷ್ಣೆಯ ದಂಡೆಯ ವೀರಭದ್ರ ದೇವಸ್ಥಾನ ಎಲ್ಲರಿಗೂ ಗೊತ್ತು. ಮಕ್ಕಳಿಗೆ ಅಲ್ಲಿನ ನಂದಿಯನ್ನೂ ತೋರಿಸಿ. ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ತವರಿಗೆ ಬಂದಳು, ನಂದಿ ಇಲ್ಲೇ ಉಳಿಯಿತು, ಅತ್ತ ಶಿವ ಕೋಪದಲ್ಲಿ ಒಬ್ಬನೇ ಉಳಿದ ಎಂಬುದು ಈ ಸೀಮೆಯ ಕಥೆ. ಒಬ್ಬನೇ ಉಳಿದ ಆ ಕೋಪೇಶ್ವರ ಇರುವುದು ಖಿದ್ರಾಪುರದಲ್ಲಿ, ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ದಂಡೆಯಲ್ಲಿ. ಅಲ್ಲಿ ಗರ್ಭಗುಡಿಯ ಮುಂದೆ ನಂದಿಯಿಲ್ಲ. ಯಡೂರಿನಲ್ಲಿ ನಂದಿ ನೋಡಿ ಬಂದ ಮಗು ಇಲ್ಲಿ ಹುಡುಕಲು ಶುರುಮಾಡುತ್ತದೆ, ‘ಅಪ್ಪಾ, ಇಲ್ಲಿ ಖರೇನ ಇಲ್ಲ!’ ಎಂದು ತಾನೇ ಕೂಗುತ್ತದೆ.

ಖಿದ್ರಾಪುರದ್ದು 12ನೇ ಶತಮಾನದ ಶಿಲಾಹಾರರ ಕಾಲದ ಗುಡಿ. ಊರು ಈಗ ಮಹಾರಾಷ್ಟ್ರದ ಶಿರೋಳ ತಾಲ್ಲೂಕಿಗೆ ಸೇರಿದೆ, ಆದರೆ ಗುಡಿಯಲ್ಲಿ ಹಳಗನ್ನಡದ ಶಾಸನಗಳಿವೆ; ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಕಲ್ಲಿನ ಮೇಲೆ ಬೆರಳಿಟ್ಟು ಪರಿಚಿತ ಅಕ್ಷರ ಹುಡುಕುತ್ತಿದ್ದಳು. ಎದುರಿನ ಸ್ವರ್ಗಮಂಟಪಕ್ಕೆ 48 ಕಂಬ, ನಡುವೆ ಛಾವಣಿಯಿಲ್ಲ. ದುಂಡನೆಯ ಬಯಲಿನಲ್ಲಿ ಆಕಾಶ. ಅದರ ನೇರ ಕೆಳಗೆ ದುಂಡು ರಂಗಶಿಲೆ. ಮಕ್ಕಳು ಅದರ ಮೇಲೆ ಅಂಗಾತ ಮಲಗಿ ಮೋಡ ನೋಡುತ್ತಾರೆ. ಹೊರಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲು. ಎಣಿಸಿರೆಂದು ಹೇಳಿ ಬಿಟ್ಟರೆ ಮಕ್ಕಳು ಪ್ರದಕ್ಷಿಣೆ ಹಾಕುತ್ತಲೇ ಇರುತ್ತಾರೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕೂಡುವುದಿಲ್ಲ. ಬೆಳಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ಕಲ್ಲು ಬರಿಗಾಲಿಗೆ ಸುಡುತ್ತದೆ. ಜುಗೂಳದಿಂದ ಹೊಳೆ ದಾಟುವವರಿದ್ದರೆ ಲೈಫ್ ಜಾಕೆಟ್ ಇಲ್ಲದ ದೋಣಿಗೆ ಮಕ್ಕಳನ್ನು ಹತ್ತಿಸಬೇಡಿ. ಸುತ್ತಾದರೂ ರಸ್ತೆಯೇ ಲೇಸು.

ಅಥಣಿಗೆ ಸಂಜೆ ತಲುಪಿದೆ. ಮೂಡಣ ಭಾಗದ ತೆಲಸಂಗ ಸೀಮೆಯಲ್ಲಿ ದ್ರಾಕ್ಷಿ ತೋಟಗಳಿವೆ. ದ್ರಾಕ್ಷಿ ಕಟಾವಾದ ಮೇಲೆ ಬಿಸಿಲೇ ಅಲ್ಲಿ ಬಂಡವಾಳ. ಹಸಿರು ಪರದೆ ಹೊದಿಸಿದ ಉದ್ದನೆಯ ಚಪ್ಪರದಡಿ ಅಂತಸ್ತಿನ ಮೇಲೆ ಅಂತಸ್ತು ಬಲೆ. ಔಷಧದ ನೀರಿನಲ್ಲಿ ಅದ್ದಿದ ಗೊನೆಗಳನ್ನು ಅದರ ಮೇಲೆ ಹರಡುತ್ತಾರೆ, ಅವು ಸುಮಾರು ಎರಡು ವಾರದಲ್ಲಿ ಮಣೂಕವಾಗುತ್ತವೆ. ಮಾಲೀಕರನ್ನು ಕೇಳಿ ಒಳಗೆ ಹೋದರೆ ಮೊದಲ ಅಂತಸ್ತಿನ ಹಸಿ ಗೊನೆ, ಪಕ್ಕದಲ್ಲಿ ಸುಕ್ಕು ಬಿದ್ದದ್ದು, ಅದರಾಚೆ ಉದುರಿಸಲು ಸಿದ್ಧವಾದದ್ದು ಒಂದೇ ನೋಟಕ್ಕೆ ಕಾಣುತ್ತವೆ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕ ಎಂದಾಗ ಹುಡುಗರು ಬಾಯಿಲೆಕ್ಕ ಹಾಕಲು ತೊಡಗಿದರು.

ಅಥಣಿ ಊರೊಳಗೆ ಚಪ್ಪಲಿ ಮಾಡುವ ಮನೆಗಳ ಓಣಿಗೂ ಮಕ್ಕಳನ್ನು ಕರೆದೊಯ್ಯಿರಿ. ಕೊಲ್ಹಾಪುರಿ ಎಂಬ ಹೆಸರಿನ ಚಪ್ಪಲಿ ಬಹಳ ಹಿಂದಿನಿಂದ ಅಥಣಿ, ಮದಭಾವಿ, ನಿಪ್ಪಾಣಿಯ ಕೈಗಳಲ್ಲೂ ಆಗುತ್ತಿದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದ್ದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ಹೆಸರಿಲ್ಲದೆ ತೋರಿಸಿ ಟೀಕೆಗೆ ಗುರಿಯಾಯಿತು. ಆಮೇಲೆ ಮೂಲ ಯಾವುದೆಂದು ಒಪ್ಪಿಕೊಂಡಿತು. ಹೊಸ್ತಿಲ ಬಳಿ ಕೂತ ಹೆಣ್ಣುಮಗಳೊಬ್ಬರು ಕೂದಲೆಳೆಯಷ್ಟು ಸಣ್ಣಗೆ ಸೀಳಿದ ತೊಗಲನ್ನು ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಹೆಣೆಯುತ್ತಿದ್ದರು. ಅಟ್ಟೆಯ ಪದರಗಳನ್ನು ಹೊಲಿದದ್ದೂ ತೊಗಲಿನ ದಾರದಿಂದಲೇ, ಒಂದು ಮೊಳೆಯೂ ಇಲ್ಲ. ನನ್ನ ಜೊತೆಗಿದ್ದ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಆ ಹೆಣ್ಣುಮಗಳು ಅವರಲ್ಲೊಬ್ಬ ಹುಡುಗಿಯ ಪಾದವನ್ನು ರಟ್ಟಿನ ಮೇಲೆ ಇಡಿಸಿ ಸುತ್ತ ಪೆನ್ಸಿಲ್ ಎಳೆದು ಅಳತೆ ತೆಗೆದುಕೊಂಡರು.

‘ಎಂಟ ದಿನಾ ಕಚ್ಚತೈತ್ರಿ, ಒಳಬದಿ ಕೊಬ್ಬರಿ ಎಣ್ಣಿ ಹಚ್ಚರಿ’ ಎಂದರು ಅವರು. ‘ಸಾಲಿ ಚಾಲೂ ಆದಮ್ಯಾಲ ಮಳ್ಯಾಗ ಹಾಕಿ ಕಳಿಸಬ್ಯಾಡ್ರಿ, ತೊಗಲ ನೆನೀಬಾರದು. ಮುಂದಿನ ಸೂಟಿಗೆ ಪಾದ ಬೆಳದಿರ್ತೈತಿ, ಮತ್ತ ಕರಕೊಂಡ ಬರ್ರಿ.’