ಬಣ್ಣದ ಕೆಳಗಿನ ಲಾರಿ

ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಈಗ ಕಾರು ತೊಳೆಯುವ ಅಂಗಡಿಗೂ ‘ಡೀಟೇಲಿಂಗ್ ಸ್ಟುಡಿಯೊ’ ಎಂಬ ಬೋರ್ಡು. ಶೋರೂಮಿನಿಂದ ನೇರವಾಗಿ ಅಲ್ಲಿಗೇ ಬಂದ ಕಾರಿಗೆ ಸೆರಾಮಿಕ್ ಲೇಪನ ಮಾಡುತ್ತಾರೆ. ಇನ್ನೂ ಕೊಳೆಯೇ ಆಗದ ಗಾಡಿಗೆ ಇಷ್ಟೊಂದು ಉಪಚಾರ! ಇಪ್ಪತ್ತು ವರ್ಷ ಇಟ್ಟಿಗೆ, ಈರುಳ್ಳಿ, ಸಿಮೆಂಟು ಹೊತ್ತ ಟಾಟಾ 407ಗೆ ಸಿಗುವುದು ವಾಟರ್ ಸರ್ವೀಸಿನ ಪೈಪಿನ ಹೊಡೆತ, ಆಯುಧಪೂಜೆಗೊಂದು ಬೂದುಗುಂಬಳ, ಎಫ್‌ಸಿ ಹತ್ತಿರ ಬಂದಾಗ ಒಂದು ಕೋಟ್ ಬಣ್ಣ. ಡೀಟೇಲಿಂಗ್ ನಿಜವಾಗಿ ಬೇಕಿರುವುದು ಈ ಹಳೇ ಗಾಡಿಗೇ. ಹೊಳೆಯಲಿ ಅಂತಲ್ಲ, ಗಾಡಿ ಎಲ್ಲಿ ಗಟ್ಟಿಯಿದೆ, ಎಲ್ಲಿ ಟೊಳ್ಳಾಗಿದೆ ಎಂದು ಮಾಲೀಕನಿಗೆ ಗೊತ್ತಾಗಲಿ ಅಂತ.

407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಡಿಸಿಎಂ ಟೊಯೊಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ ಎಂದು ಜಪಾನಿನ ನಂಟಿನ ಸಣ್ಣ ಲಾರಿಗಳು ರಸ್ತೆಗಿಳಿದಿದ್ದ ಕಾಲ ಅದು. ಆ ಪೈಪೋಟಿಯಲ್ಲಿ ಗಟ್ಟಿಯಾಗಿ ನಿಂತ 407ರ ಹಳೇ ಮಾಡೆಲ್‌ಗಳು ಕೈಯಿಂದ ಕೈಗೆ ದಾಟಿ ಇಂದಿಗೂ ಊರೂರಲ್ಲಿ ದುಡಿಯುತ್ತಿವೆ. ಇಂಥದ್ದೊಂದನ್ನು ಕೊಂಡವರು ಮೊದಲು ನೋಡಬೇಕಾದದ್ದು ಅದು ಇಷ್ಟು ದಿನ ಏನನ್ನು ಹೊತ್ತಿದೆ ಎಂಬುದನ್ನು.

ಕೊಳೆಯೆಲ್ಲ ಒಂದೇ ಅಲ್ಲ. ವಾಡಿ, ಸೇಡಂ ಕಡೆಯ ಸಿಮೆಂಟು ಹೊತ್ತ ಗಾಡಿಗೆ ಬಂದ ಕೂಡಲೇ ನೀರು ಹೊಡೆಸಿದರೆ ಕೆಲಸ ಕೆಟ್ಟಿತು. ಸಂದಿಯಲ್ಲಿ ಕೂತ ಪುಡಿ ಅಲ್ಲೇ ಕಲ್ಲಾಗುತ್ತದೆ. ಮೊದಲು ಒಣ ಬ್ರಷ್ಷು, ಆಮೇಲೆ ಕಂಪ್ರೆಸರ್ ಗಾಳಿ, ಕೊನೆಗೆ ನೀರು. ಹೊಸಪೇಟೆ, ಸಂಡೂರಿನ ಅದಿರಿನ ಧೂಳು ಬೇರೆ ಬಗೆಯದು. ಕಬ್ಬಿಣದ ಆ ಕೆಂಪು ಪುಡಿಯನ್ನು ಒಣ ಬಟ್ಟೆಯಲ್ಲಿ ಒರೆಸುವುದೂ ಒಂದೇ, ಬಣ್ಣಕ್ಕೆ ಉಪ್ಪುಕಾಗದ ತಿಕ್ಕುವುದೂ ಒಂದೇ. ಅಲ್ಲಿ ಧಾರಾಳವಾಗಿ ನೀರು ಹರಿಸಿ ಧೂಳನ್ನು ಇಳಿಸಿದ ಮೇಲೆಯೇ ಬಟ್ಟೆ ಮುಟ್ಟಬೇಕು. ಎಲ್ಲಕ್ಕಿಂತ ಕೆಟ್ಟದ್ದು ಮೀನಿನ ಗಾಡಿ. ಕರಾವಳಿಯಲ್ಲಿ ಐಸು ಕರಗಿ ಸೋರುವ ಉಪ್ಪುನೀರು ಚಾಸಿಯ ಒಳಮೈಗೆ, ಕಮಾನು ಪಟ್ಟಿಗಳ ನಡುವಿಗೆ ಇಳಿದಿರುತ್ತದೆ. ಮೇಲೆ ಎಷ್ಟು ತೊಳೆದರೂ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ಅಂಥ ಗಾಡಿಯನ್ನು ಅಡಿಯಿಂದ ಮೇಲಕ್ಕೆ, ಸಿಹಿನೀರಲ್ಲಿ, ಒಂದಲ್ಲ ನಾಲ್ಕು ಸಲ ತೊಳೆಯಬೇಕು.

ಅಡಿಗೆ ಡೀಸೆಲ್ ಹೊಡೆಸುವ ಚಾಳಿಯೊಂದಿದೆ. ಹೊಡೆಸಿದ ದಿನ ಚಾಸಿ ಕರ್ರಗೆ ಮಿಂಚುವುದು ನಿಜ. ಆದರೆ ರಬ್ಬರ್ ಬುಷ್‌ಗಳು ಡೀಸೆಲ್ ಕುಡಿದು ಉಬ್ಬುತ್ತವೆ, ಮಾರನೇ ದಿನದ ಧೂಳೆಲ್ಲ ಬಂದು ಅಲ್ಲೇ ಅಂಟುತ್ತದೆ. ದುಡ್ಡು ಕೊಟ್ಟು ಧೂಳು ಅಂಟಿಸಿಕೊಳ್ಳುವ ಈ ಪದ್ಧತಿ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅದರ ಬದಲು, ತೊಳೆದ ಮೇಲೆ ತಪ್ಪದೆ ಗ್ರೀಸ್ ಹೊಡೆಸಿ. ಜೋರು ನೀರು ಕೀಲುಗಳೊಳಗೆ ನುಗ್ಗಿರುತ್ತದೆ. ನಿಪ್ಪಲ್ಲಿನ ಪಕ್ಕದಿಂದ ಹಳೇ ಕಪ್ಪು ಗ್ರೀಸು ಹೊರಬಂದು ಹೊಸದು ಇಣುಕುವವರೆಗೂ ಗನ್ನು ಒತ್ತುತ್ತಿರಬೇಕು. ಡೈನಮೊ, ಫ್ಯೂಸ್ ಡಬ್ಬ, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಯೇ ಎಂಜಿನ್ನಿಗೆ ನೀರು ತೋರಿಸಬೇಕು, ಅದೂ ಎಂಜಿನ್ ತಣ್ಣಗಾದ ಮೇಲೆ.

ಕ್ಯಾಬಿನ್ನಿನ ಬಾಗಿಲಿಗೆ ಬನ್ನಿ. ಬಾಗಿಲಿನ ಕೆಳಅಂಚಿನಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಕೆಸರು ಕೂತು ಅವು ಮುಚ್ಚಿರುತ್ತವೆ. ಒಂದು ತಂತಿ ಹಾಕಿ ಕೆದಕಿದರೆ ಮೊದಲು ಮಣ್ಣಿನ ಉಂಡೆ, ಹಿಂದೆಯೇ ಚಹಾ ಬಣ್ಣದ ನೀರು, ಅದರ ಜೊತೆ ತುಕ್ಕಿನ ಚೂರುಗಳು ಉದುರುತ್ತವೆ. ಬಾಗಿಲು ಕೊಳೆಯುವುದು ಒಳಗಿನಿಂದ. ಹೊರಗೆ ಗುಳ್ಳೆ ಎದ್ದಾಗ ಒಳಗೆ ತಗಡೇ ಉಳಿದಿರುವುದಿಲ್ಲ. ಅನುಮಾನ ಬಂದ ಕಡೆ ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ. ತಗಡಿದ್ದಲ್ಲಿ ಕಚ್ಚುತ್ತದೆ, ಹಿಂದಿನ ಮಾಲೀಕ ದಪ್ಪಗೆ ಲಪ್ಪ ಮೆತ್ತಿಸಿದಲ್ಲಿ ಜಾರುತ್ತದೆ. ಗಾಡಿ ಕೊಳ್ಳುವ ಮೊದಲೇ ಇಷ್ಟು ಮಾಡಿದ್ದರೆ ರೇಟಿನಲ್ಲಿ ಒಂದಿಷ್ಟು ಇಳಿಸಬಹುದಿತ್ತು ಎನ್ನುವುದು ಬೇರೆ ಮಾತು.

ಇನ್ನು ಪಾಲಿಶ್. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಹಳೇ ಲಾರಿಯ ಎನಾಮೆಲ್ಲಿಗೆ ಅದಿಲ್ಲ. ಬಿಸಿಲು ನೇರ ಬಣ್ಣವನ್ನೇ ಸುಡುತ್ತದೆ. ಬಾನೆಟ್ಟಿನ ಮೇಲೆ ಅಂಗೈ ಸವರಿದರೆ ಸುಣ್ಣದಂತೆ ಪುಡಿ ಹತ್ತುವುದು ಅದಕ್ಕೇ. ನೀಲಿ ಗಾಡಿಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದಾಗ ಬಟ್ಟೆ ಪೂರ್ತಿ ನೀಲಿಯಾಯಿತೆಂದು ಗಾಬರಿ ಬೀಳಬೇಡಿ. ಕಾರಿನಲ್ಲಿ ಹಾಗಾದರೆ ಕ್ಲಿಯರ್ ಕೋಟ್ ಸವೆದಿದೆ ಎಂದರ್ಥ; ಇಲ್ಲಿ ಬರುತ್ತಿರುವುದು ಸತ್ತ ಬಣ್ಣ, ಕೆಳಗೆ ಜೀವ ಇರುವ ಬಣ್ಣ ಇದೆ. ಆದರೆ ಎಷ್ಟಿದೆ? ಅಂಚು, ಏಣುಗಳಲ್ಲಿ ತೀರಾ ತೆಳು. ಅಲ್ಲಿ ಮೆಷಿನ್ ಬೇಡ, ಕೈಯಲ್ಲೇ ಹಗುರಾಗಿ ಎರಡು ಸುತ್ತು ಸಾಕು. ಉಜ್ಜಿದ ಮೇಲೆ ವ್ಯಾಕ್ಸ್ ಹಚ್ಚದೆ ಬಿಟ್ಟರೆ ಬಿಸಿಲು ಮತ್ತೆ ಹಳೇ ಕೆಲಸ ಶುರುಮಾಡುತ್ತದೆ. ಬಟ್ಟೆ ಒಗೆಯುವ ಸೋಪಿನ ಪುಡಿಯಲ್ಲಿ ತೊಳೆದರೆ ಆ ವ್ಯಾಕ್ಸೂ ಹೋಗುತ್ತದೆ. ಗಾಡಿಗೆಂದೇ ಬರುವ ಶ್ಯಾಂಪೂ ತಂದಿಟ್ಟುಕೊಳ್ಳಿ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಆಗಬೇಕು. ಹಾಗಾಗಿ ಪ್ರತಿವರ್ಷ ಪೇಂಟರ್ ಬರುತ್ತಾನೆ, ತುಕ್ಕು ಕೆರೆಯದೆ ಮೇಲೊಂದು ಕೋಟ್ ಎಳೆಯುತ್ತಾನೆ. ಗಾಡಿ ತೊಳೆದು ಒಣಗಿದ ದಿನವೇ ಟಿಂಕರ್ ಮೇಸ್ತ್ರಿಯನ್ನು ಕರೆಸಿ ತೋರಿಸುವುದು ಒಳ್ಳೆಯದು. ಕೊಳೆಯೂ ಇಲ್ಲದ, ಹೊಸ ಬಣ್ಣವೂ ಬೀಳದ ಹೊತ್ತಲ್ಲಿ ಗಾಡಿ ಏನನ್ನೂ ಮುಚ್ಚಿಡಲಾರದು. ಕೊಳೆತ ತಗಡು ಕತ್ತರಿಸಿ ವೆಲ್ಡ್ ಮಾಡಿಸಿ, ಉಳಿದ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ತಿಕ್ಕಿಸಿ, ರೆಡ್ ಆಕ್ಸೈಡ್ ಹೊಡೆಸಿ. ಪೇಂಟರ್ ಡಬ್ಬ ತೆರೆಯುವ ಮೊದಲು ಗಾಜಿನ ರಬ್ಬರ್ ಬೀಡಿಂಗ್, ರಿಫ್ಲೆಕ್ಟರ್ ಪಟ್ಟಿ, ಚಾಸಿ ನಂಬರ್ ಮೂರಕ್ಕೂ ಟೇಪ್ ಅಂಟಿಸಿಬಿಡಿ. ಬಣ್ಣ ತುಂಬಿಕೊಂಡ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಎಷ್ಟು ಪೆನ್ಸಿಲ್ ಉಜ್ಜಿದರೂ ಅಚ್ಚು ಮೂಡುವುದಿಲ್ಲ. ಆರ್‌ಟಿಒ ಕಚೇರಿಯ ಅಂಗಳದಲ್ಲಿ ಕೂತು ಅದನ್ನು ಕೆರೆಯುವ ಪಾಡು ಕ್ಲೀನರ್ ಹುಡುಗನದ್ದೇ.