ತುದಿಗಾಲ ನಡಿಗೆಯೂ ಮಕ್ಕಳ ಪಾದವೇದನೆಯೂ

‘ತುದಿಗಾಲಲ್ಲಿ ನಿಲ್ಲುವುದು’ ಎಂಬ ನುಡಿಗಟ್ಟು ನಮ್ಮ ಭಾಷೆಯಲ್ಲಿ ಆತುರವನ್ನೂ ಉತ್ಸಾಹವನ್ನೂ ಸೂಚಿಸತಕ್ಕದ್ದು. ಆದರೆ ಕೆಲವು ಮಕ್ಕಳಿಗೆ ತುದಿಗಾಲು ಕ್ಷಣಿಕವಾದ ನಿಲುವಲ್ಲ, ನಿತ್ಯದ ನಡಿಗೆ. ಆಟಿಸಂ ಎಂದು ಕರೆಯಲ್ಪಡುವ ಸ್ವಲೀನತೆಯುಳ್ಳ ಮಕ್ಕಳಲ್ಲಿ ಇದು ಇತರರಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿ ಕಂಡುಬರುತ್ತದೆ. ಈ ನಡಿಗೆ ಕಾಲಕ್ರಮದಲ್ಲಿ ಪಾದ ಮತ್ತು ಕಣಕಾಲಿನ ನೋವಿಗೆ ಹೇಗೆ ಎಡೆಗೊಡುತ್ತದೆ, ಆ ನೋವು ಹಿರಿಯರ ಕಣ್ಣಿಗೆ ಏಕೆ ಬೀಳುವುದಿಲ್ಲ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳಂತಹ ಗ್ರಾಮಪ್ರಧಾನ ತಾಲ್ಲೂಕುಗಳಲ್ಲಿ ಅದನ್ನು ಗುರುತಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಂದಿನಿಂದ ಸ್ವಲೀನತೆಯ ಶಾಸ್ತ್ರೀಯ ವ್ಯಾಸಂಗ ಬೆಳೆದುಬಂದಿದೆ. ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಪರಿಗಣಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು. ಮಾತು, ಒಡನಾಟ, ವರ್ತನೆಗಳಲ್ಲಿ ಕಾಣುವ ಭೇದವನ್ನು ಎಲ್ಲರೂ ಬಲ್ಲರು. ನಡಿಗೆಯ ಭೇದವನ್ನು ಗಮನಿಸುವವರು ಕಡಿಮೆ.

ನಡೆಯಲು ಕಲಿಯುತ್ತಿರುವ ಶಿಶು ತುದಿಗಾಲಿಡುವುದು ಸಹಜವೇ. ಸಾಮಾನ್ಯವಾಗಿ ಮೂರನೆಯ ವರ್ಷದ ಹೊತ್ತಿಗೆ ಹಿಮ್ಮಡಿ ನೆಲಕ್ಕಿಳಿಯುತ್ತದೆ. ಹಾಗೆ ಇಳಿಯದಿದ್ದಲ್ಲಿ ‘ಬೆಳೆದಂತೆ ತಾನೇ ಸರಿಹೋದೀತು’ ಎಂದು ಕಾಯುವುದು ಸ್ವಲೀನತೆಯುಳ್ಳ ಮಕ್ಕಳ ವಿಷಯದಲ್ಲಿ ಯುಕ್ತವಲ್ಲ. ಅಮೆರಿಕದ ವೈದ್ಯಕೀಯ ದಾಖಲೆಗಳನ್ನಾಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂತಹ ಮಕ್ಕಳ ಪೈಕಿ ನೂರಕ್ಕೆ 8.4ರಷ್ಟು ಮಂದಿಯಲ್ಲಿ ತುದಿಗಾಲ ನಡಿಗೆ ನಮೂದಾಗಿದ್ದಿತು. ಇತರ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಚಿಕಿತ್ಸೆಯಿಲ್ಲದೆ ಹತ್ತು ವರ್ಷಗಳಾದರೂ ಆ ನಡಿಗೆ ಉಳಿದದ್ದು ಇತರರಲ್ಲಿ ಸುಮಾರು ಐದರಲ್ಲೊಬ್ಬರಿಗೆ. ಸ್ವಲೀನತೆಯುಳ್ಳವರಲ್ಲಿ ಐವರಲ್ಲಿ ಮೂವರಿಗೂ ಮಿಗಿಲಾಗಿ.

ಇನ್ನು ನೋವಿನ ಕಾರಣವನ್ನು ನೋಡೋಣ. ಮೀನಖಂಡದ ಎರಡು ಸ್ನಾಯುಗಳು ಅಕಿಲಿಸ್ ಎಂಬ ಗಟ್ಟಿಯಾದ ರಜ್ಜುವಿನ ಮೂಲಕ ಹಿಮ್ಮಡಿಯ ಮೂಳೆಗೆ ಸೇರಿಕೊಂಡಿವೆ. ಹೆಜ್ಜೆಯಿಡುವಾಗ ಪಾದವು ಮೇಲ್ಮುಖವಾಗಿ ಸುಮಾರು 10 ಡಿಗ್ರಿಯಷ್ಟಾದರೂ ಬಾಗಬೇಕು. ಸದಾ ತುದಿಗಾಲಲ್ಲಿರುವ ಮಗುವಿನಲ್ಲಿ ಈ ಸ್ನಾಯು, ರಜ್ಜುಗಳು ಪೂರ್ಣವಾಗಿ ಹಿಗ್ಗುವ ಅವಕಾಶವಿಲ್ಲದೆ ಕ್ರಮೇಣ ಮೊಟಕಾಗುತ್ತವೆ. ಮೊದಲು ಅಭ್ಯಾಸವಾಗಿದ್ದುದು ಆಮೇಲೆ ನಿರ್ಬಂಧವಾಗುತ್ತದೆ: ಇಚ್ಛಿಸಿದರೂ ಹಿಮ್ಮಡಿಯನ್ನು ಊರಲಾಗದು. ದೇಹದ ಭಾರವೆಲ್ಲ ಬೆರಳುಗಳ ಬುಡದ ಮೇಲೆ ಬಿದ್ದು ಅಲ್ಲಿ ಚರ್ಮ ಗಡುಸಾಗುತ್ತದೆ, ಪಾದದ ಮುಂಭಾಗ ಅಗಲವಾಗುತ್ತದೆ. ಮೀನಖಂಡ ಸೆಳೆಯುತ್ತದೆ, ಕಣಕಾಲು ಸುಲಭವಾಗಿ ಉಳುಕುತ್ತದೆ. ಹಿಮ್ಮಡಿಯನ್ನು ಬಲವಂತದಿಂದ ಊರಿಸಿದರೆ ಬಾಗದ ಕಣಕಾಲಿಗೆ ಬದಲಾಗಿ ನಡುಪಾದ ಕುಸಿದು ಹೊಸ ನೋವು ಹುಟ್ಟುವುದೂ ಉಂಟು.

ಈ ನೋವನ್ನು ಮಗು ಬಾಯಿಬಿಟ್ಟು ಹೇಳದಿರಬಹುದು ಎಂಬುದೇ ಇಲ್ಲಿಯ ಮುಖ್ಯ ವಿಷಯ. ಮಾತು ಬಾರದ ಮಗುವಿನ ಮಾತಿರಲಿ, ಮಾತು ಬಲ್ಲ ಮಗುವಿಗೂ ನೋವು ಎಲ್ಲಿದೆಯೆಂದು ತೋರಿಸುವುದು ಕಷ್ಟವಾಗಬಹುದು. ಶಾಲೆಗೆ ನಡೆಯಲೊಲ್ಲದಿರುವುದು, ದಾರಿಯಲ್ಲೇ ಕುಳಿತುಬಿಡುವುದು, ಚಪ್ಪಲಿಯನ್ನು ಎಸೆಯುವುದು, ಸಂಜೆಯ ಹೊತ್ತು ರೇಗುವುದು, ತನ್ನನ್ನು ತಾನೇ ಹೊಡೆದುಕೊಳ್ಳುವುದು, ನಿದ್ರೆಗೆಡುವುದು—ಇವೆಲ್ಲವೂ ಹಿರಿಯರಿಗೆ ಹಠವಾಗಿ ತೋರುತ್ತವೆ, ಶಿಕ್ಷೆಯೂ ದೊರೆಯುವುದುಂಟು. ವರ್ತನೆಯಲ್ಲಿ ಹಠಾತ್ತಾದ ಬದಲಾವಣೆ ಕಂಡಾಗ ಮೊದಲು ಪಾದವನ್ನು ಮುಟ್ಟಿ ನೋಡಬೇಕು, ಅನಂತರ ಸ್ವಭಾವದ ವಿಚಾರ ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ.

ಎಲ್ಲ ತುದಿಗಾಲ ನಡಿಗೆಯನ್ನೂ ಸ್ವಲೀನತೆಗೆ ಆರೋಪಿಸುವುದೂ ಅಷ್ಟೇ ತಪ್ಪು. ಮಿದುಳಿನ ಪಾರ್ಶ್ವವಾಯು, ಬೆನ್ನುಹುರಿಯ ದೋಷ, ಗಂಡುಮಕ್ಕಳಲ್ಲಿ ಕಾಣುವ ಡುಷೆನ್ ಸ್ನಾಯುಕ್ಷಯ ಇವುಗಳಲ್ಲಿಯೂ ಇದೇ ಲಕ್ಷಣವುಂಟು. ಒಂದೇ ಕಾಲಿನಲ್ಲಿ ಕಂಡರೆ, ಸರಿಯಾಗಿ ನಡೆಯುತ್ತಿದ್ದ ಮಗುವಿನಲ್ಲಿ ಹೊಸದಾಗಿ ತೋರಿದರೆ, ನೆಲದಿಂದೇಳಲು ಮಗು ತೊಡೆಗೆ ಕೈಯೂರಿದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಮೇಲ್ಕಂಡ ತಾಲ್ಲೂಕುಗಳಲ್ಲಿ ಆರಂಭದ ಪರೀಕ್ಷೆಗೆ ಯಂತ್ರೋಪಕರಣ ಬೇಕಿಲ್ಲ. ಒದ್ದೆ ಕಾಲಿನಿಂದ ಒಣನೆಲದ ಮೇಲೆ ನಡೆಸಿದರೆ ಹಿಮ್ಮಡಿಯ ಗುರುತು ಮೂಡುವುದೋ ಇಲ್ಲವೋ ತಿಳಿಯುತ್ತದೆ. ಹಳೆಯ ಚಪ್ಪಲಿ ಮುಂದುಗಡೆ ಮಾತ್ರ ಸವೆದಿರುವುದೂ ಸಾಕ್ಷ್ಯವೇ. ಮಗುವನ್ನು ಮಲಗಿಸಿ, ಮಂಡಿಯನ್ನು ನೇರವಾಗಿಟ್ಟು ಒಮ್ಮೆ, ಮಡಿಸಿ ಒಮ್ಮೆ ಪಾದವನ್ನು ಮೃದುವಾಗಿ ಮೇಲಕ್ಕೆ ಬಾಗಿಸಿ ನೋಡುವುದು ವೈದ್ಯರ ಕ್ರಮ. ನೇರವಾಗಿದ್ದಾಗ ಮಾತ್ರ ತಡೆಯಿದ್ದರೆ ಮೀನಖಂಡದ ಮೇಲಣ ಸ್ನಾಯು ಬಿಗಿದಿದೆಯೆಂದೂ, ಎರಡರಲ್ಲಿಯೂ ಇದ್ದರೆ ಒಳಸ್ನಾಯು ಅಥವಾ ರಜ್ಜುವೂ ಮೊಟಕಾಗಿದೆಯೆಂದೂ ಊಹಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೂ ಒಂದು ಬಾರಿ ಸರ್ಕಾರಿ ಶಾಲೆಗಳಿಗೂ ಭೇಟಿಕೊಡಬೇಕು. ಉಪಾಧ್ಯಾಯರು ತಾವು ಕಂಡುದನ್ನು ಬರೆದಿಟ್ಟು ಆ ತಂಡಕ್ಕೆ ತೋರಿಸಿದರೆ ಬಹಳ ಉಪಕಾರವಾದೀತು. ಮಾತು, ಒಡನಾಟಗಳ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಚಿಕಿತ್ಸೆ ಮೆಟ್ಟಿಲುಮೆಟ್ಟಿಲಾಗಿ ಸಾಗತಕ್ಕದ್ದು. ಸ್ನಾಯು ಹಿಗ್ಗಿಸುವ ವ್ಯಾಯಾಮ, ಗಟ್ಟಿ ಹಿಂಬದಿಯ ಪಾದರಕ್ಷೆ ಮೊದಲು, ಕಣಕಾಲಿಗೆ ಆಸರೆಪಟ್ಟಿ, ವಾರವಾರ ಬದಲಿಸುವ ಪ್ಲಾಸ್ಟರು ಬಳಿಕ, ಶಸ್ತ್ರಚಿಕಿತ್ಸೆ ಕಡೆಗೆ. ಶಸ್ತ್ರಚಿಕಿತ್ಸೆಯಾದ ಮೇಲೂ ನಡಿಗೆ ಮರುಕಳಿಸುವುದುಂಟು. ಸ್ಪರ್ಶವನ್ನು ಸಹಿಸದ ಮಗುವಿಗೆ ಪ್ಲಾಸ್ಟರು ಹಾಕುವ ಮುನ್ನ ಚಿತ್ರ ತೋರಿಸಿ, ಬೊಂಬೆಯ ಕಾಲಿಗೆ ಕಟ್ಟಿ ಪರಿಚಯ ಮಾಡಿಸುವುದು ಲೇಸು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬ್ಯಾರನ್ನುಗಳಲ್ಲಿ ಹೊಗೆಸೊಪ್ಪನ್ನು ಹದಗೊಳಿಸುವ ಕಾಲದಲ್ಲಾಗಲಿ, ಕೃಷ್ಣರಾಜನಗರದಲ್ಲಿ ನಾಟಿಯ ಕಾಲದಲ್ಲಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಂದಾಗಲಿ ತಾಯಿತಂದೆಯರು ವಾರಕ್ಕೊಮ್ಮೆ ಮೈಸೂರಿಗೆ ಬರುವುದು ಸುಲಭವಲ್ಲ. ಆದುದರಿಂದ ವ್ಯಾಯಾಮವನ್ನು ಮನೆಯವರಿಗೆ ಕಲಿಸಿ, ಸ್ನಾನದ ಬಳಿಕವೋ ಮಲಗುವ ಮುನ್ನವೋ ದಿನವೂ ನಡೆಯುವಂತೆ ಮಾಡುವುದೇ ಹೆಚ್ಚು ಫಲಕಾರಿ.

ತುದಿಗಾಲಲ್ಲಿ ನಡೆಯುವುದೇ ದೋಷವೆಂದು ಮಗುವನ್ನು ತಿದ್ದಹೊರಡುವುದು ನಮ್ಮ ಉದ್ದೇಶವಲ್ಲ. ನೋವಿಲ್ಲದೆ, ಕಣಕಾಲು ಸಡಿಲವಾಗಿದ್ದಲ್ಲಿ ವರ್ಷಕ್ಕೊಮ್ಮೆ ಅಳೆದು ನೋಡಿದರೆ ಸಾಕಾಗಬಹುದು. ನೋವಿದ್ದಲ್ಲಿ ಅದನ್ನು ಹಠವೆಂದು ಕರೆಯದಿರುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ನಾಳೆ ಈ ಊರುಗಳ ಶಾಲೆಗಳಿಗೆ ಉಪಾಧ್ಯಾಯರಾಗಿ ಹೋಗಲಿರುವ ವಿದ್ಯಾರ್ಥಿಗಳು ಇಷ್ಟನ್ನು ನೆನಪಿನಲ್ಲಿಟ್ಟರೆ ಈ ಬರಹ ಸಾರ್ಥಕವೆಂದು ಭಾವಿಸುತ್ತೇವೆ.