ಕರಿಯ ಎಲ್ಲಿ ಹೋದ?

ದೀಪಾವಳಿ ಹಬ್ಬದ ರಾತ್ರಿ. ಬೀದಿಯಲ್ಲಿ ಪಟಾಕಿ ಸದ್ದು. ಮನೆ ಮುಂದೆ ಕಟ್ಟಿದ್ದ ನಾಯಿ ಬೆದರಿತು. ಹಗ್ಗ ಕಿತ್ತುಕೊಂಡು ಓಡಿತು. ಬೆಳಗಾದರೂ ಬರಲಿಲ್ಲ.

"ಹೋದ್ರೆ ಹೋಯ್ತು ಬಿಡವ್ವ. ಇನ್ನೊಂದು ಮರಿ ತಂದ್ರಾಯ್ತು" ಅಂದ ಮಗ.

"ಹಂಗನ್ಬೇಡ ಕಣಪ್ಪ. ಕೊಟ್ಟಿಗೇಲಿ ಆರು ಕುರಿ ಅವೆ. ರಾತ್ರಿ ಕಾಯೋರು ಯಾರು? ಐದು ವರ್ಷ ನಮ್ಮ ಮುದ್ದೆ ತಿಂದು ಬೆಳೆದದ್ದು ಅದು. ಹುಡುಕೋಣ ನಡಿ" ಅಂದಳು ತಾಯಿ.

ಎಲ್ಲಿ ಹುಡುಕಬೇಕು?

ಹೆದರಿದ ನಾಯಿ ಓಡಿ ಹೋಗಿ ಎಲ್ಲಾದರೂ ಅಡಗುತ್ತದೆ. ಕರೆದರೂ ಕೆಲವು ಸಲ ಹೊರಗೆ ಬರುವುದಿಲ್ಲ. ಆದ್ದರಿಂದ ಮೊದಲು ಮನೆ ಸುತ್ತಮುತ್ತ ನೋಡಬೇಕು. ಹುಲ್ಲಿನ ಮೆದೆ, ಮೋರಿ, ಪಾಳು ಮನೆ, ಕಬ್ಬಿನ ಗದ್ದೆ ನೋಡಬೇಕು. ಪಾಳು ಬಾವಿಯಲ್ಲೂ ಇಣುಕಿ ನೋಡಬೇಕು.

ಬೆಳಗಿನ ಜಾವ ಮತ್ತು ರಾತ್ರಿ ಹುಡುಕುವುದು ಒಳ್ಳೆಯದು. ಆಗ ಗಲಾಟೆ ಇರುವುದಿಲ್ಲ. ನಮ್ಮ ದನಿ ನಾಯಿಗೆ ಕೇಳುತ್ತದೆ. ಅದರ ಕುಂಯ್‌ ಕುಂಯ್‌ ನಮಗೆ ಕೇಳುತ್ತದೆ. ದಿನಾ ಅನ್ನ ಹಾಕುವವರೇ ಕರೆಯಬೇಕು. ಹತ್ತು ಜನ ಗುಂಪು ಕಟ್ಟಿಕೊಂಡು ಹೋದರೆ ಅದು ಇನ್ನೂ ಹೆದರುತ್ತದೆ. ಅದು ಮಲಗುವ ಗೋಣಿಚೀಲವನ್ನು ಮನೆ ಹೊರಗೆ ಹಾಕಿಡಿ. ನಾಯಿಗೆ ಮೂಗು ಚುರುಕು. ವಾಸನೆ ಹಿಡಿದು ಬಂದರೂ ಬರಬಹುದು.

ಸೊಸೆ ಬರೆದ ಚೀಟಿ

ಎರಡು ದಿನ ಆಯಿತು. ನಾಯಿ ಸಿಗಲಿಲ್ಲ. ಸೊಸೆ ಅಕ್ಷರ ಕಲಿತು ಆರು ತಿಂಗಳಾಗಿತ್ತು. "ಅತ್ತೆ, ನಾನು ಒಂದು ಚೀಟಿ ಬರೀತೀನಿ" ಅಂದಳು. ಹೀಗೆ ಬರೆದಳು:

ನಾಯಿ ಕಾಣೆಯಾಗಿದೆ.
ಬಣ್ಣ ಕಪ್ಪು. ಎದೆ ಮೇಲೆ ಬಿಳಿ ಮಚ್ಚೆ.
ಕರಿಯ ಅಂದರೆ ತಿರುಗಿ ನೋಡುತ್ತದೆ.
ಕಂಡವರು ಅಟ್ಟಬೇಡಿ, ಹೊಡೆಯಬೇಡಿ.
ಹಾಲಿನ ಡೇರಿಗೆ ತಿಳಿಸಿ.

ಕರಿಯನ ಎಡಗಿವಿ ತುದಿ ಹರಿದಿತ್ತು. ಅದನ್ನು ಬೇಕೆಂದೇ ಬರೆಯಲಿಲ್ಲ. ಯಾರಾದರೂ "ನಾಯಿ ಸಿಕ್ಕಿದೆ, ದುಡ್ಡು ಕೊಡಿ" ಅಂದರೆ ಆ ಗುರುತು ಕೇಳಬಹುದಲ್ಲ!

ಚೀಟಿಯನ್ನು ಡೇರಿ, ಹಿಟ್ಟಿನ ಮಿಲ್ಲು, ಬಸ್‌ ನಿಲ್ದಾಣದಲ್ಲಿ ಅಂಟಿಸಿದರು. ಶಾಲೆ ಮಕ್ಕಳಿಗೆ, ಕುರಿ ಮೇಯಿಸುವವರಿಗೆ ಹೇಳಿದರು. ಮಾರನೆ ದಿನವೇ ಹಾಲಿನ ಗಾಡಿಯವನು ಸುದ್ದಿ ತಂದ. ಪಕ್ಕದ ಊರಿನ ಸಂತೆ ಮಾಳದಲ್ಲಿ ಕರಿಯ ಇತ್ತು.

ಹಿಡಿಯುವುದು ಹೇಗೆ?

ಮಗ ಓಡಿ ಹೋಗಿ ಕರಿಯನ ಕೊರಳಿಗೆ ಕೈ ಹಾಕಿದ. ಅದು ಹೆದರಿ ಕೈ ಕಚ್ಚಿತು. ರಕ್ತ ಬಂತು.

ಇದು ತಪ್ಪು. ಕಳೆದುಹೋದ ನಾಯಿಗೆ ಒಮ್ಮೊಮ್ಮೆ ಮನೆಯವರ ಗುರುತೂ ಬೇಗ ಹತ್ತುವುದಿಲ್ಲ. ಅಟ್ಟಿಸಿಕೊಂಡು ಹೋಗಬಾರದು. ದೂರದಲ್ಲೇ ಕೂತು ಮೆಲ್ಲಗೆ ಹೆಸರು ಹಿಡಿದು ಕರೆಯಬೇಕು. ತಿನ್ನಲು ಹಾಕಬೇಕು. ಅದಾಗೇ ಹತ್ತಿರ ಬರುವ ತನಕ ಕಾಯಬೇಕು. ತಾಯಿ ಹಾಗೇ ಮಾಡಿದಳು. ಕರಿಯ ಬಾಲ ಆಡಿಸುತ್ತಾ ಬಂತು.

ಕಚ್ಚಿದರೆ ಏನು ಮಾಡಬೇಕು?

"ಸುಣ್ಣ ಹಚ್ಚಿದ್ರೆ ಸರಿಹೋಗ್ತದೆ. ನಮ್ಮ ನಾಯಿ ತಾನೆ?" ಅಂದ ಮಗ. ಸೊಸೆ ಒಪ್ಪಲಿಲ್ಲ. ಕರಿಯನ ಹಿಂಗಾಲಲ್ಲಿ ಬೇರೆ ನಾಯಿ ಕಚ್ಚಿದ ಗಾಯ ಇತ್ತು. ಆ ವರ್ಷ ಅದಕ್ಕೆ ಸೂಜಿಯನ್ನೂ ಹಾಕಿಸಿರಲಿಲ್ಲ.

ಹುಚ್ಚುನಾಯಿ ರೋಗ ಜೊಲ್ಲಿನಿಂದ ಹರಡುತ್ತದೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಉಳಿಯುವುದಿಲ್ಲ ಅಂತಲೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಎಚ್ಚೆತ್ತರೆ ಜೀವ ಉಳಿಯುತ್ತದೆ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಸೋಪು ಹಾಕಿ 15 ನಿಮಿಷ ನೀರು ಸುರಿದು ಗಾಯ ತೊಳೆಯಿರಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಹಿಂದೆ ಹೊಟ್ಟೆಗೆ 14 ಸೂಜಿ ಹಾಕುತ್ತಿದ್ದರು. ಈಗ ಹಾಗಿಲ್ಲ. ತೋಳಿಗೆ ಕೆಲವೇ ಸೂಜಿ. ಗಾಯದಿಂದ ರಕ್ತ ಬಂದಿದ್ದರೆ ಗಾಯಕ್ಕೂ ಬೇರೆ ಔಷಧಿ ಹಾಕುತ್ತಾರೆ. ಎಲ್ಲ ಸೂಜಿಯನ್ನೂ ಹಾಕಿಸಿಕೊಳ್ಳಬೇಕು. ಒಂದೂ ತಪ್ಪಿಸಬಾರದು. ಸೊಸೆ ಆಸ್ಪತ್ರೆ ಚೀಟಿ ಓದಿದಳು. ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಪ್ರತಿ ಸಲವೂ ಗಂಡನನ್ನು ನೆನಪಿನಿಂದ ಕಳಿಸಿದಳು.

ಕರಿಯನನ್ನು ಪಶು ಆಸ್ಪತ್ರೆಗೆ ಕರೆದೊಯ್ದರು. ಸೂಜಿ ಹಾಕಿಸಿದರು. ಡಾಕ್ಟರು ಹೇಳಿದಷ್ಟು ದಿನ ಬೇರೆ ಕಟ್ಟಿದರು. ಮಕ್ಕಳನ್ನು ಹತ್ತಿರ ಬಿಡಲಿಲ್ಲ.

ಮತ್ತೆ ಹೋಗದ ಹಾಗೆ

ನಾಯಿ ಸುಮ್ಮನೆ ಮನೆ ಬಿಡುವುದಿಲ್ಲ. ಹಸಿವಾದರೆ ಹೋಗುತ್ತದೆ. ಹೆದರಿದರೆ ಹೋಗುತ್ತದೆ. ಬೆದೆಗೆ ಬಂದ ಹೆಣ್ಣು ನಾಯಿಯ ವಾಸನೆ ಹಿಡಿದು ಗಂಡು ನಾಯಿ ಹೋಗುತ್ತದೆ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಸುಮಾರು ಮೂರು ವಾರ ಇರುತ್ತದೆ. ಸಂತಾನಹರಣ ಆಪರೇಷನ್‌ ಮಾಡಿಸಿದರೆ ಈ ಅಲೆದಾಟ ಕಡಿಮೆ ಆಗುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ ನೋಡಿ.

ನೆನಪಿಡಿ:

1. ದಿನಾ ಹೊತ್ತಿಗೆ ಸರಿಯಾಗಿ ಊಟ, ನೀರು ಕೊಡಿ.
2. ಕೊರಳಿಗೆ ಬೆಲ್ಟ್‌ ಹಾಕಿ. ಒಳಗೆ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಅದರ ಮೇಲೆ ಮನೆಯ ಫೋನ್‌ ನಂಬರ್‌ ಬರೆಯಿರಿ.
3. ಜಾರುಗಂಟು ಹಾಕಿ ಕಟ್ಟಬೇಡಿ. ಎಳೆದಾಗ ಉಸಿರು ಕಟ್ಟುತ್ತದೆ.
4. ಪಟಾಕಿ ಹಬ್ಬದ ದಿನ ಸಂಜೆಗೇ ಮನೆಯೊಳಗೆ ಸೇರಿಸಿ.
5. ಚಿರತೆ ಓಡಾಡುವ ಕಡೆ ರಾತ್ರಿ ಹೊರಗೆ ಕಟ್ಟಬೇಡಿ.
6. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿ. ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿ ವರ್ಷ ಹಾಕಿಸಿ.

ಈಗ ಕರಿಯನ ಕೊರಳಲ್ಲಿ ಕೆಂಪು ಬೆಲ್ಟ್‌ ಇದೆ. ಅದರ ಮೇಲಿನ ನಂಬರ್‌ ಸೊಸೆ ಬರೆದದ್ದು. ಮಗನ ಕೈ ಗಾಯ ಮಾಗಿದೆ. "ಇನ್ನೊಂದು ಮರಿ ತರೋಣ" ಅಂತ ಅವನು ಈಗ ಹೇಳುವುದಿಲ್ಲ.

ಮಾತಾಡೋಣ:

ನಿಮ್ಮ ಊರಲ್ಲಿ ನಾಯಿ ಕಚ್ಚಿದರೆ ಮೊದಲು ಏನು ಮಾಡುತ್ತಾರೆ? ಅದು ಸರಿಯೇ?
ನಿಮ್ಮ ಕುರಿಯೋ ನಾಯಿಯೋ ಕಳೆದರೆ ಚೀಟಿಯಲ್ಲಿ ಏನು ಬರೆಯುತ್ತೀರಿ? ಬರೆದು ತೋರಿಸಿ.